ಮನೆತನದ ಕಣ್ಣು

ಗಡಿಯಾರದಂಗಡಿಯವನ ಮಗಳ ಎದುರು ಕೂತವರಿಗೆ ಮೊದಲು ಕಾಣುವುದು ಅವಳ ಬಲಗಣ್ಣಿನ ಕೆಳಗಿನ ಕಾಗದದ ಚೂರು. ಕಣ್ಣಿನ ಒಳಮೂಲೆಯಿಂದ ಸ್ವಲ್ಪ ಕೆಳಗೆ, ಮೂಗಿನ ಪಕ್ಕದಲ್ಲಿ, ಕಿರುಬೆರಳಿನ ಉಗುರಿನಷ್ಟು ಬ್ಲಾಟಿಂಗ್ ಪೇಪರ್, ಅದರ ಮೇಲೊಂದು ಅಂಟುಪಟ್ಟಿ. ಪೆಟ್ಟಾಯಿತೇ ಎಂದು ಹೊಸ ಗಿರಾಕಿಗಳು ಕೇಳುತ್ತಾರೆ. "ಇಲ್ಲ, ಸೋರುತ್ತೆ" ಎಂದು ಅವಳು ಗಡಿಯಾರಕ್ಕೆ ಕೈ ಚಾಚುತ್ತಾಳೆ. ಛಾವಣಿಯ ಬಗ್ಗೆ ಹೇಳಿದ ಹಾಗೆ ಹೇಳುತ್ತಾಳೆ.

ಸೋರುವುದಕ್ಕೆ ಕಾರಣವಿದೆ. ಕಣ್ಣೀರು ಅಳುವಾಗ ಮಾತ್ರ ಹುಟ್ಟುವಂಥದ್ದಲ್ಲ. ದಿನವಿಡೀ ಕಣ್ಣನ್ನು ತೊಳೆಯುತ್ತಿರುತ್ತದೆ. ತೊಳೆದ ನೀರು ಹೋಗಲು ರೆಪ್ಪೆಗಳ ಅಂಚಿನಲ್ಲಿ, ಮೂಗಿನ ಕಡೆಗೆ, ಸೂಜಿಮೊನೆಯಷ್ಟು ತೂತುಗಳಿವೆ. ಅಲ್ಲಿಂದ ನೂಲೆಳೆಯಂಥ ನಾಳಗಳು, ಮುಂದೆ ಮೂಗಿನ ಪಕ್ಕದಲ್ಲೊಂದು ಪುಟ್ಟ ಚೀಲ, ಚೀಲದಿಂದ ಮೂಗಿನ ಒಳಕ್ಕೆ ಒಂದು ಕೊಳವೆ. ಎಲ್ಲರಲ್ಲೂ ಇಷ್ಟೇ. ಇವಳಲ್ಲಿ ಹುಟ್ಟುವಾಗಲೇ ಒಂದು ದಾರಿ ಹೆಚ್ಚಾಗಿತ್ತು, ಚೀಲದಿಂದ ನೇರವಾಗಿ ಮುಖದ ಚರ್ಮಕ್ಕೆ. ಹೊರಗಿನಿಂದ ನೋಡಿದರೆ ಬರೀ ಒಂದು ಚುಕ್ಕಿ. ಗಾಳಿ ಬೀಸಿದರೆ, ಬಿಸಿಯಾದದ್ದೇನಾದರೂ ಕುಡಿದರೆ, ಬಗ್ಗಿ ಕೆಲಸ ಮಾಡಿದರೆ ಆ ಚುಕ್ಕಿಯಲ್ಲಿ ಹನಿಯೊಂದು ಕೂಡಿಕೊಂಡು ಜಾರುತ್ತದೆ. ಇಂಥದ್ದು ಅಪರೂಪ. ಆದರೆ ಅಪರೂಪವಾದದ್ದು ಒಂದೇ ಮನೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳಬಾರದೆಂದಿಲ್ಲ. ಅವಳ ಅಪ್ಪನಿಗೆ ಅದೇ ಬಲಗಡೆ ಇತ್ತು, ಅಪ್ಪನ ಅಕ್ಕನಿಗೆ ಎಡಗಡೆ, ಅವರ ತಂದೆಗೆ ಎರಡೂ ಕಡೆ. ಮನೆಯಲ್ಲಿ ಅದಕ್ಕೆ ರೋಗದ ಹೆಸರಿರಲಿಲ್ಲ. 'ಮನೆತನದ ಕಣ್ಣು' ಎನ್ನುತ್ತಿದ್ದರು.

ಬಳಗದಲ್ಲಿ ಎಲ್ಲೇ ಮಗು ಹುಟ್ಟಲಿ, ಸೋದರತ್ತೆ ನೋಡಲು ಹೋಗುತ್ತಿದ್ದಳು. ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಗಿನ ಎರಡೂ ಪಕ್ಕ ಹೆಬ್ಬೆರಳಿನಿಂದ ಸವರಿ, "ಇದೆ" ಅಥವಾ "ಇಲ್ಲ" ಎನ್ನುತ್ತಿದ್ದಳು. ಇದ್ದರೆ ಆ ಮಗುವಿಗೆ ಅವಳ ಮಡಿಲಲ್ಲಿ ಜಾಗ ಹೆಚ್ಚು. ಇಲ್ಲದಿದ್ದರೆ, "ತಾಯಿ ಕಡೆಗೆ ಹೋಗಿದೆ, ಪಾಪ" ಎಂದು ಎದ್ದು ಬರುತ್ತಿದ್ದಳು.

ಹುಡುಗಿ ಶಾಲೆಗೆ ಹೋದಾಗ ಮನೆತನದ ಮರ್ಯಾದೆ ಬಾಗಿಲಲ್ಲೇ ಉಳಿಯಿತು. ಅಲ್ಲಿ ಅವಳ ಹೆಸರು 'ನಲ್ಲಿ' ಎಂದಾಯಿತು. ಅವಳು ತರಗತಿಗೆ ಕಾಲಿಟ್ಟ ಕೂಡಲೇ ಹಿಂದಿನ ಬೆಂಚಿನಿಂದ, "ನಲ್ಲಿ ಬಂತು, ಕೊಡ ತನ್ನಿ" ಎಂಬ ಕೂಗು. ಒಂದು ದಿನ ಅವಳು ಕೂಗಿದವಳ ಮೂಗಿಗೆ ಗುದ್ದಿದಳು. ಮುಖ್ಯೋಪಾಧ್ಯಾಯಿನಿ ಅವಳನ್ನು ನಿಲ್ಲಿಸಿಕೊಂಡು ಬೈಯಲು ಶುರು ಮಾಡಿ, ಕೆನ್ನೆಯ ಮೇಲೆ ಹನಿ ಇಳಿದದ್ದನ್ನು ಕಂಡು, "ಸರಿ ಸರಿ, ಅಳಬೇಡ, ಹೋಗು" ಎಂದುಬಿಟ್ಟರು. ಗುದ್ದಿಸಿಕೊಂಡವಳಿಗೇ ಬೈಗುಳ ಬಿತ್ತು. ಇದು ಅನ್ಯಾಯವೆಂದು ಹುಡುಗಿಗೆ ಆಗಲೇ ತಿಳಿಯಿತು. ಅಪ್ಪನಿಗೆ ಹೇಳಿದಳು. ಅವನು ಬ್ಲಾಟಿಂಗ್ ಪೇಪರು ಕತ್ತರಿಸಿ ಅಂಟಿಸಿಕೊಳ್ಳುವುದನ್ನು ಅವತ್ತೇ ಕಲಿಸಿದ.

ಅಪ್ಪ ಕಲಿಸಿದ್ದು ಬೇಕಾದಷ್ಟಿತ್ತು. ಗಡಿಯಾರದ ಉಕ್ಕಿಗೆ ಕಣ್ಣೀರಿಗಿಂತ ದೊಡ್ಡ ಶತ್ರುವಿಲ್ಲ. ಒಂದು ಹನಿ ಬಿದ್ದರೆ ಮಾರನೆಯ ದಿನಕ್ಕೆ ತುಕ್ಕು. ಅದಕ್ಕೇ ಆ ಮನೆಯವರು ಭೂತಗನ್ನಡಿಯನ್ನು ಒಣಗಿದ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ತಲೆಯನ್ನು ಸೋರುವ ಕಡೆಗೆ ಓರೆ ಮಾಡಿ ಕೂರುತ್ತಿದ್ದರು. ಅಪ್ಪ ಮಗಳು ಅಕ್ಕಪಕ್ಕ ಕೂತರೆ ಇಬ್ಬರೂ ಒಂದೇ ಗುಟ್ಟನ್ನು ಕದ್ದು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಅಂಗಡಿಯ ನಿಯಮ ಒಂದೇ. ಬಂದ ಗಡಿಯಾರಕ್ಕೆ ತಕ್ಷಣ ಕೈ ಹಾಕುವಂತಿಲ್ಲ. ಮೊದಲು ಕಿವಿಗೆ ಹಿಡಿದು ಕೇಳಬೇಕು, ಆಮೇಲೆ ಬೆನ್ನು ಬಿಚ್ಚಿ ನೋಡಬೇಕು, ಅದಾದ ಮೇಲೆ ಚಿಮುಟ. ನಲ್ಲಿ ಎನ್ನಿಸಿಕೊಂಡವಳು ಸ್ವಭಾವತಃ ಕೂತಲ್ಲಿ ಕೂರುವವಳಲ್ಲ. ಊಟದ ಮಧ್ಯೆ ಎದ್ದು ಹೋಗುವಳು, ಮಾತಿನ ಮಧ್ಯೆ ಕಿಟಕಿ ತೆಗೆಯುವಳು. ಮೇಜಿನ ಮುಂದೆ ಮಾತ್ರ ಅವಳ ಕೈಕಾಲು ಅವಳ ಮಾತು ಕೇಳುತ್ತಿದ್ದವು.

ತಾಯಿ ಬೇಗ ತೀರಿಕೊಂಡಳು. ಸೋದರತ್ತೆ ಬಂದು ಮನೆಯಲ್ಲಿ ನೆಲೆಸಿ ಹುಡುಗಿಯನ್ನು ಬೆಳೆಸಿದಳು. ಸಾವಿನ ಮನೆಗೆ ಬಂದವರು, ಅವಳಪ್ಪ ಒಂದೇ ಕಣ್ಣಿನಲ್ಲಿ ಅತ್ತ ಎಂದು ಆಡಿಕೊಂಡರು. ಅವನು ಅತ್ತನೋ ಇಲ್ಲವೋ ಮನೆಯವರಿಗೂ ತಿಳಿಯಲಿಲ್ಲ. ಕಣ್ಣು ಒದ್ದೆಯಾಗಿರುವುದು ಆ ಮನೆಯಲ್ಲಿ ಸುದ್ದಿಯೇ ಅಲ್ಲ. ಯಾವಾಗಲೋ ಒಬ್ಬ ಕಣ್ಣಿನ ಡಾಕ್ಟರು, ಹುಡುಗಿಯ ಆ ತೂತನ್ನು ಸಣ್ಣ ಆಪರೇಷನ್ ಮಾಡಿ ಮುಚ್ಚಬಹುದು ಎಂದಿದ್ದರು. ಅಪ್ಪ ಒಪ್ಪಲಿಲ್ಲ. "ಸೋರುತ್ತೆ, ಅಷ್ಟೇ ತಾನೇ. ಇದರಿಂದ ಯಾರೂ ಸತ್ತಿಲ್ಲ" ಎಂದ. ಆ ಮಾತು ಮನೆಯಲ್ಲಿ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತುಬಿಟ್ಟಿತು.

ಅವಳು ಮದುವೆಯಾದದ್ದು ಲಿಫ್ಟ್ ರಿಪೇರಿಯವನನ್ನು. ನಿಂತ ಕೈಗಡಿಯಾರ ಹಿಡಿದು ಬಂದಿದ್ದ. ಅವಳು ತಲೆಯೆತ್ತಿದಾಗ ಕಾಗದ ಉದುರಿ ಹನಿ ಇಳಿಯಿತು.

"ಗಡಿಯಾರ ಅಷ್ಟೊಂದು ಕೆಟ್ಟಿದೆಯಾ?" ಎಂದು ಕೇಳಿದ.

"ಗಡಿಯಾರ ಚೆನ್ನಾಗೇ ಇದೆ. ಕೀಲಿ ಕೊಡೋರು ಸರಿ ಇಲ್ಲ," ಎಂದಳು.

ಮದುವೆಯಾದ ಮೇಲೆ ಅವನು ಅಂಗಡಿಯ ಮೇಲಿನ ಮನೆಗೇ ಬಂದ. ಒಳ್ಳೆಯವನು, ಆದರೆ ಮಾವನ ಮುಂದೆ ಅವನ ಬಾಯಿ ನಿಂತ ಗಡಿಯಾರವೇ.

ಮಗು ಹುಟ್ಟಿತು, ಹೆಣ್ಣು. ಹೆರಿಗೆ ಸಲೀಸಾಗಿತ್ತು. ಮಗುವಿನ ಎಡಗಣ್ಣಿನ ಒಳಮೂಲೆಯ ಕೆಳಗೆ ಬಟಾಣಿಯಷ್ಟು ದಪ್ಪದ, ನೀಲಿ ಬಣ್ಣಕ್ಕೆ ತಿರುಗಿದ ಗಂಟೊಂದಿತ್ತು. ಮನೆಗೆ ಕಳಿಸುವಾಗ ನರ್ಸ್ ಅದನ್ನು ಮುಟ್ಟಿ ನೋಡಿ, "ಇದನ್ನ ಕಣ್ಣಿನ ಡಾಕ್ಟರಿಗೆ ತೋರಿಸಿಬಿಡಿ" ಎಂದಳು.

ಸೋದರತ್ತೆ ತನ್ನ ಮುಖವನ್ನೇ ಮುಂದೆ ಚಾಚಿದಳು. "ಇಲ್ಲಿ ನೋಡಿ ತಾಯಿ. ಅಲ್ಲಿ ನನ್ನ ತಮ್ಮನ ಮುಖ ನೋಡಿ. ಬಾಣಂತಿ ಮುಖನೂ ನೋಡಿ. ಇದು ನಮ್ಮ ಕಂಪನಿ ಮಾರ್ಕು."

ನರ್ಸ್ ಮೂರು ಮುಖಗಳನ್ನೂ ನೋಡಿ ನಕ್ಕಳು. ಅವಳಿಗೆ ನೋಡಬೇಕಾದ ಬೇರೆ ಹಾಸಿಗೆಗಳಿದ್ದವು. ತಪ್ಪು ನಡೆದದ್ದು ಹೀಗೆ, ನಗುವಿನಲ್ಲಿ. ಬೇರೆ ಯಾರ ಮನೆಯ ಮಗುವಿಗೆ ಆ ಗಂಟು ಇದ್ದಿದ್ದರೂ ಹೆದರಿ ಡಾಕ್ಟರ ಬಳಿಗೆ ಓಡುತ್ತಿದ್ದರು. ಈ ಮನೆಯವರು ಗುರುತು ಹಿಡಿದುಬಿಟ್ಟರು.

"ತೂತು ಇನ್ನೂ ಬಾಯಿ ಬಿಟ್ಟಿಲ್ಲ, ಅದಕ್ಕೇ ಊದಿಕೊಂಡಿದೆ," ಎಂದು ಸೋದರತ್ತೆ ತೀರ್ಪು ಕೊಟ್ಟಳು. "ಮಕ್ಕಳಿಗೆ ಹುಟ್ಟಿದ ಕೂಡಲೇ ಕಣ್ಣೀರು ಬರಲ್ಲ. ಬಂದಾಗ ತಾನಾಗೇ ಬಿಟ್ಟುಕೊಳ್ಳುತ್ತೆ."

ಮನೆಗೆ ಬಂದ ಮೇಲೆ ಮಗು ಹಾಲು ಕುಡಿಯಲು ಬಾಯಿ ಹಾಕುತ್ತಿತ್ತು, ಒಂದೆರಡು ಗುಟುಕು ಎಳೆಯುತ್ತಿತ್ತು, ತಟ್ಟನೆ ತಲೆ ಹಿಂದಕ್ಕೆಳೆದು ಕಿರುಚುತ್ತಿತ್ತು. ಕಿರುಚುವ ಮೊದಲು ಕ್ಷಣಕಾಲ ತುಟಿಯ ಸುತ್ತ ಬಣ್ಣ ಕಂದುತ್ತಿತ್ತು. ಅತ್ತರೆ ಮುಖ ಕೆಂಪಾಗಿ, ನೋಡಿದವರಿಗೆ ಮಗು ಗಟ್ಟಿಮುಟ್ಟಾಗಿದೆ ಅನ್ನಿಸುವಂತಿತ್ತು. ಅತ್ತು ಸುಸ್ತಾಗಿ ಬಾಯಿ ಮುಚ್ಚಿದರೆ ಎದೆಯ ಕೆಳಗಿನ ಗುಳಿ ಒಳಕ್ಕೆ ಸೆಳೆಯುತ್ತಿತ್ತು, ಮತ್ತೆ ಬೆಚ್ಚಿ ಅಳು.

"ಅಬ್ಬಾ ಗಂಟಲೇ," ಸೋದರತ್ತೆಗೆ ಹೆಮ್ಮೆ. "ಬೀದಿ ಕೊನೆಗೆ ಕೇಳಿಸುತ್ತೆ. ಹಠಮಾರಿ, ನಿನ್ನ ಹಾಗೇ."

ತಾಯಿಗೆ ಸಮಾಧಾನವಿರಲಿಲ್ಲ. ಎಲ್ಲ ತಾಯಂದಿರೂ ಮಗು ಅಳು ನಿಲ್ಲಿಸಿದರೆ ಉಸಿರು ಬಿಡುತ್ತಾರೆ. ಇವಳಿಗೆ ಮಗು ಸುಮ್ಮನಾದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ಕೂರುವಳು, ಎತ್ತಿಕೊಳ್ಳುವಳು, ಮಲಗಿಸುವಳು, ಮತ್ತೆ ಎತ್ತಿಕೊಳ್ಳುವಳು. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ ನಡೆಯುವಳು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕಲಿತ ಅಭ್ಯಾಸದಿಂದ ಮಗುವಿನ ಮುಖವನ್ನು ಕಿವಿಗೆ ಹಿಡಿದು ಕೇಳಿದಳು. ಬಾಯಿ ತೆರೆದಿದ್ದಾಗ ಉಸಿರು ಬರುತ್ತಿತ್ತು. ಬಾಯಿ ಮುಚ್ಚಿದಾಗ ಒಂದು ಸಣ್ಣ ಸಿಳ್ಳು, ಆಮೇಲೆ ಏನೂ ಇಲ್ಲ.

ಗಂಡನಿಗೆ ಹೇಳಿದಳು. ಅವನು ಕೆಲಸಕ್ಕೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದ.

"ಮಾವ ಏನಂತಾರೆ?"

"ನಾನು ಏನಂತೀನಿ ಅಂತ ಕೇಳಿ."

"ಅಲ್ಲ, ಆ ತೂತಿನ ವಿಷಯದಲ್ಲಿ ಅವರೇ ದೊಡ್ಡ ಡಾಕ್ಟರಲ್ವಾ. ಸರಿ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಇವತ್ತು ಹೊಸ ಕಟ್ಟಡ, ಮಧ್ಯ ಬಿಟ್ಟು ಬರೋಕಾಗಲ್ಲ."

ಸಂಜೆಯವರೆಗೆ ಕಾಯುವಂತಿರಲಿಲ್ಲ. ಅಂದು ಗಂಟು ನೀಲಿಯಿಂದ ಕೆಂಪಿಗೆ ತಿರುಗಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಮುಟ್ಟಿದರೆ ಬಿಸಿ. ಸೋದರತ್ತೆ ಕೆಳಗೆ ಹೋಗಿ ತಮ್ಮನೊಂದಿಗೆ ಮಾತಾಡಿ ಬಂದಳು. ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲನ್ನು ಅರ್ಧ ಎಳೆದ. ಗಿರಾಕಿಗಳು ಬರುವ ಹೊತ್ತಿನಲ್ಲಿ ಅವನು ಬಾಗಿಲು ಎಳೆದದ್ದನ್ನು ಮಗಳು ಎಂದೂ ನೋಡಿರಲಿಲ್ಲ. ಮಗುವನ್ನೆತ್ತಿಕೊಂಡು ಕೆಳಗಿಳಿದಳು.

ಮೇಜನ್ನು ಖಾಲಿ ಮಾಡಿ ಬಿಳಿ ಬಟ್ಟೆ ಹಾಸಿದ್ದ. ದೀಪವನ್ನು ತಗ್ಗಿಸಿ ಎಳೆದುಕೊಂಡಿದ್ದ. ಗಡಿಯಾರದ ಮುಳ್ಳುಗಳ ತೂತು ತಿದ್ದುವ ಸಲಾಕೆಗಳಲ್ಲಿ ಅತಿ ಸಪೂರವಾದದ್ದನ್ನು ಆರಿಸಿ, ಸಾಣೆಕಲ್ಲಿಗೆ ಕೊಟ್ಟು, ನೀರಿನಲ್ಲಿ ಕುದಿಸಿ, ತಟ್ಟೆಯಲ್ಲಿಟ್ಟಿದ್ದ. ಪಕ್ಕದಲ್ಲಿ ಹತ್ತಿ. ಭೂತಗನ್ನಡಿ ಆಗಲೇ ಎಡಗಣ್ಣಿಗೇರಿತ್ತು, ಬಲಗಣ್ಣಿನ ಕೆಳಗೆ ಹೊಸ ಕಾಗದ. ಅವನ ಕೈ ಆ ಬೀದಿಯಲ್ಲೇ ಅತಿ ಸ್ಥಿರವಾದ ಕೈ, ಅದರಲ್ಲಿ ಸಂಶಯವಿಲ್ಲ.

"ಇಲ್ಲಿ ಮಲಗಿಸು," ಎಂದ. "ತೂತಿನ ಬಾಯಿ ಬಿಡಿಸಿದ್ರೆ ನೀರು ಇಳಿಯುತ್ತೆ, ಊತ ಹೋಗುತ್ತೆ. ಕೂದಲೆಳೆಯಷ್ಟು ಸಾಕು."

ಅವಳು ನಿಂತೇ ಇದ್ದಳು. "ಅಪ್ಪ, ಬೆನ್ನು ಬಿಚ್ಚಿ ನೋಡದೆ ಯಾವತ್ತಾದ್ರೂ ಗಡಿಯಾರಕ್ಕೆ ಸಲಾಕೆ ಹಾಕಿದ್ದೀರಾ?"

"ಇದರೊಳಗೆ ಏನಿದೆ ಅಂತ ನೋಡೋದೇನು ಬಂತು. ನನ್ನ ಮುಖದಲ್ಲೇ ಇದೆಯಲ್ಲ."

"ನಿಮ್ಮದು ಊದಿಕೊಂಡಿತ್ತಾ?"

"ಇಲ್ಲ."

"ಅತ್ತೆದು?"

"ನಂದೂ ಇಲ್ಲ," ಎಂದಳು ಸೋದರತ್ತೆ. "ಆದ್ರೆ ಹೀಗೆ ಊದೋದು ಗೊತ್ತಿಲ್ಲದ್ದೇನಲ್ಲ. ನಮ್ಮಪ್ಪನ ಕಾಲದಲ್ಲಿ ಒಂದು ಮಗೂಗೆ ಹೀಗೇ ಆಗಿತ್ತಂತೆ. ಅವರು ಸೂಜಿ ಕಾಯಿಸಿ ತೆಗೆದ್ರಂತೆ. ಅರ್ಧ ಬಟ್ಟಲು ಬಂತು ಅಂತ ಹೇಳ್ತಿದ್ರು."

"ಯಾರ ಮಗು?"

"ಅವರ ತಂಗಿ ಮಗು. ನೀನು ನೋಡಿಲ್ಲ, ನಾನೇ ನೋಡಿಲ್ಲ."

"ಈಗ ಎಲ್ಲಿದೆ?"

ಸೋದರತ್ತೆ ಹತ್ತಿಯನ್ನು ಬಿಡಿಸುತ್ತಿದ್ದವಳು ಬಿಡಿಸುತ್ತಲೇ ಹೇಳಿದಳು. "ಉಳೀಲಿಲ್ಲ. ಆದ್ರೆ ಅದು ಆಮೇಲೆ ಜ್ವರ ಬಂದು ಹೋಗಿದ್ದು. ಇದರಿಂದ ಅಲ್ಲ."

ಅಂಗಡಿಯ ಗೋಡೆಯ ಗಡಿಯಾರಗಳು ತಮ್ಮ ಪಾಡಿಗೆ ಬಡಿದುಕೊಳ್ಳುತ್ತಿದ್ದವು. ಸೋದರತ್ತೆ ಸುಳ್ಳು ಹೇಳುವವಳಲ್ಲ. ಇಷ್ಟು ವರ್ಷ ಈ ಎರಡು ವಾಕ್ಯಗಳನ್ನು ಅವಳು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಒಂದನ್ನು ಇನ್ನೊಂದಕ್ಕೆ ಸೇರಿಸಿ ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅಪ್ಪ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಅಕ್ಕನನ್ನು ನೋಡಿದ. ಅವನು ಏನಾದರೂ ಹೇಳುತ್ತಿದ್ದನೋ ಏನೋ, ಮಗಳು ಕಾಯಲಿಲ್ಲ. ಅರ್ಧ ಎಳೆದ ಬಾಗಿಲಿನ ಕೆಳಗೆ ಬಗ್ಗಿ ಬೀದಿಗೆ ಬಂದುಬಿಟ್ಟಳು. ಕಾಲಲ್ಲಿ ಚಪ್ಪಲಿಯಿರಲಿಲ್ಲ.

"ಬಾಣಂತಿ, ಗಾಳಿಗೆ ಹೋಗ್ತಿದ್ದಾಳೆ, ಹಿಡಿಯೋ ಅವಳನ್ನ," ಎಂದು ಸೋದರತ್ತೆ ಕೂಗುವುದು ಕೇಳಿಸಿತು.

ಬಸ್ಸು ಸಿಕ್ಕಿತು. ಜನ ತುಂಬಿತ್ತು, ಒಬ್ಬಾಕೆ ಎದ್ದು ಜಾಗ ಕೊಟ್ಟಳು. ಓಡಿಬಂದ ಕುಲುಕಾಟಕ್ಕೋ ಏನೋ ಮಗು ಸುಮ್ಮನಾಗಿತ್ತು. ಕಣ್ಣು ಮುಚ್ಚಿ, ಬಾಯಿ ಮುಚ್ಚಿ. ತುಟಿಯ ಸುತ್ತ ಮತ್ತೆ ಆ ಬಣ್ಣ. ತಾಯಿ ಬಟ್ಟೆ ಸರಿಸಿ ಮಗುವಿನ ಅಂಗಾಲನ್ನು ಚಿವುಟಿದಳು. ಮಗು ಅತ್ತಿತು, ಬಣ್ಣ ಮರಳಿತು. ಸ್ವಲ್ಪ ಹೊತ್ತಿಗೆ ಅಳು ಸಣ್ಣಗಾಯಿತು. ಮತ್ತೆ ಚಿವುಟಿದಳು.

ಜಾಗ ಕೊಟ್ಟಾಕೆ ನೋಡುತ್ತಿದ್ದಳು. "ಯಾಕಮ್ಮ ಮಗೂನ ಚಿವುಟ್ತೀಯ?"

"ಅಳಬೇಕು."

"ಏನು?"

"ಅಳ್ತಾ ಇರಬೇಕು ಅದು."

ಆಕೆ ಹಿಂದಿನ ಸೀಟಿನವರ ಕಡೆ ತಿರುಗಿದಳು. "ಕೇಳಿದ್ರಾ? ಹಸುಗೂಸನ್ನ ಬೇಕಂತಲೇ ಅಳಿಸ್ತಾಳೆ. ತಾನೂ ಅಳ್ತಾಳೆ, ನೋಡಿ."

"ನಾನು ಅಳ್ತಿಲ್ಲ," ಎಂದಳು ನಲ್ಲಿ. ಓಡುವಾಗ ಕಾಗದ ಎಲ್ಲೋ ಬಿದ್ದುಹೋಗಿತ್ತು. ಹನಿ ಗಲ್ಲಕ್ಕಿಳಿದು ಮಗುವಿನ ಹೊದಿಕೆಯ ಮೇಲೆ ಬೀಳುತ್ತಿತ್ತು.

"ಅಳ್ತಿಲ್ವಂತೆ," ಎಂದರು ಹಿಂದಿನಿಂದ ಯಾರೋ. "ಹಾಗಾದ್ರೆ ಬಸ್ಸೇ ಸೋರ್ತಿರಬೇಕು."

"ಹೆತ್ತ ಮೇಲೆ ಕೆಲವರಿಗೆ ಹೀಗಾಗುತ್ತಂತೆ, ತಲೆ ಸರಿ ಇರಲ್ಲ," ಎಂದರು ಇನ್ನೊಬ್ಬರು. "ಮಗೂನ ಇಸ್ಕೊಳ್ಳಿ ಯಾರಾದ್ರೂ."

ಜಾಗ ಕೊಟ್ಟಾಕೆ ನಿಜವಾಗಿಯೂ ಕೈ ಚಾಚಿದಳು. ನಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಬಸ್ಸಿನ ಜನಕ್ಕೆಲ್ಲ ತಿರುಗಿಸಿ, ಕಿಟಕಿಗೆ ಮುಖ ಮಾಡಿ ಕೂತಳು. ಸಿಗ್ನಲಿನಲ್ಲಿ ಬಸ್ಸು ನಿಂತಾಗಲೆಲ್ಲ ಅವಳ ಕಾಲು ನೆಲವನ್ನು ಒದೆಯುತ್ತಿತ್ತು. ಮಗುವಿನ ಅಂಗಾಲು ಕೆಂಪಾಗಿತ್ತು. ಚಿವುಟುವುದನ್ನು ಬಿಡಲಿಲ್ಲ.

ಆಸ್ಪತ್ರೆಯ ಕೌಂಟರಿನವನು ಅವಳ ಮುಖ ನೋಡಿ, "ಕಣ್ಣಿನ ವಿಭಾಗ ಎಡಕ್ಕೆ, ನಿಮ್ಮ ವಯಸ್ಸೆಷ್ಟು?" ಎಂದ.

"ನಂಗಲ್ಲ, ಮಗೂಗೆ."

"ಮಕ್ಕಳ ವಿಭಾಗ ಬಲಕ್ಕೆ."

"ಮಗೂ ಕಣ್ಣಿಗೆ."

"ಏನಾದ್ರೂ ಒಂದು ಹೇಳಿ ತಾಯಿ."

ಅವಳು ಎಡಕ್ಕೇ ನಡೆದಳು. ಅಲ್ಲಿ ಕಾಯುವವರ ಸಾಲಿತ್ತು. ಸಾಲನ್ನು ದಾಟಿ ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದಳು. ಹಿಂದೆ ಜಗಳದ ದನಿಗಳು ಎದ್ದವು. ಒಳಗಿದ್ದ ಡಾಕ್ಟರು ನಡುವಯಸ್ಸಿನ ಹೆಂಗಸು. ಬೈಯಲು ಬಾಯಿ ತೆರೆದವಳು ಮಗುವಿನ ಮುಖ ಕಂಡು ಬೈಯಲಿಲ್ಲ. ಗಂಟನ್ನು ನೋಡಿದಳು. ಆಮೇಲೆ ನಲ್ಲಿ ಯಾರಿಗೂ ಅರ್ಥ ಮಾಡಿಸಲಾಗದೆ ಒದ್ದಾಡಿದ್ದನ್ನು ಬೆರಳ ತುದಿಯಲ್ಲಿ ಮಾಡಿದಳು. ಅಳುವ ಮಗುವಿನ ಗಲ್ಲವನ್ನು ಮೆಲ್ಲಗೆ ಮೇಲೆತ್ತಿ ಬಾಯಿ ಮುಚ್ಚಿಸಿದಳು. ಎದೆಯ ಗುಳಿ ಒಳಕ್ಕೆ ಹೋಯಿತು. ಕೈ ಬಿಟ್ಟಳು.

"ಎಷ್ಟು ದಿನದಿಂದ?" ಎಂದು ಕೇಳುತ್ತಲೇ ಫೋನೆತ್ತಿ ಮೂಗಿನ ಡಾಕ್ಟರನ್ನು ಕರೆಸಿದಳು.

"ಹುಟ್ಟಿದಾಗಿನಿಂದ. ನಮ್ಮ ಮನೇಲಿ ಎಲ್ಲರಿಗೂ..." ನಲ್ಲಿ ತನ್ನ ಕೆನ್ನೆ ತೋರಿಸಿದಳು.

"ನಿಮ್ಮದು ನೋಡಿದೆ. ಅದು ಬೇರೆ, ಇದು ಬೇರೆ. ನಿಮಗೆ ಒಂದು ದಾರಿ ಹೆಚ್ಚಿದೆ. ಇವಳಿಗೆ ಇರೋ ದಾರಿಯೇ ಮುಚ್ಚಿದೆ, ಮೇಲೂ ಕೆಳಗೂ. ಮಧ್ಯದ ಚೀಲ ತುಂಬಿ ಕೆಳಗೆ ಮೂಗಿನೊಳಕ್ಕೆ ಊದಿಕೊಂಡಿದೆ."

ಮೂಗಿನ ಡಾಕ್ಟರು ಕಡ್ಡಿಯಂಥ ಕ್ಯಾಮರಾ ತಂದು ಎರಡೂ ಹೊಳ್ಳೆಗಳನ್ನು ನೋಡಿದ. ಹೊರಗೆ ಎಡಗಡೆ ಮಾತ್ರ ಗಂಟಿದ್ದರೂ ಒಳಗೆ ಎರಡೂ ಕಡೆ ಗುಳ್ಳೆಗಳಿದ್ದವು. ಗಾಳಿಗೆ ಇದ್ದ ಜಾಗ ಅಷ್ಟಕ್ಕಷ್ಟೆ. ಎಳೆಗೂಸುಗಳಿಗೆ ಮೂಗೇ ಉಸಿರು, ಬಾಯಲ್ಲಿ ಉಸಿರಾಡುವುದು ಅವಕ್ಕೆ ಅತ್ತಾಗ ಮಾತ್ರ ಬರುತ್ತದೆ ಎಂದು ಅವನು ವಿವರಿಸತೊಡಗಿದ. ನಲ್ಲಿಗೆ ಅದು ಆಗಲೇ ಗೊತ್ತಿತ್ತು. ನರ್ಸ್ ಮಗುವಿನ ಬಾಯಲ್ಲಿ ಸಣ್ಣ ಕೊಳವೆಯಿಟ್ಟು ಅಂಟುಪಟ್ಟಿ ಹಾಕಿದಳು. ಅಳದೆಯೂ ಬಣ್ಣ ಸರಿಯಿತ್ತು. ಆಮೇಲೆ ಆಪರೇಷನ್ ಕೋಣೆಯ ಬಾಗಿಲು ತೆರೆದು ಮಗುವನ್ನು ಒಳಕ್ಕೆ ಒಯ್ದರು, ಬಾಗಿಲು ಮುಚ್ಚಿತು.

ಹೊರಗೆ ಕೂರಲು ಬೆಂಚಿತ್ತು, ಅವಳು ಕೂರಲಿಲ್ಲ. ನಡೆಯುತ್ತಿದ್ದಳು. ಗೋಡೆಯಿಂದ ಗೋಡೆಗೆ. ಎದೆಹಾಲು ತುಂಬಿ ಬಟ್ಟೆ ನೆನೆದಿತ್ತು. ನೆಲ ಒರೆಸುತ್ತಿದ್ದ ಹೆಂಗಸು, "ಅಲ್ಲೇ ನಡೆದೂ ನಡೆದೂ ನೆಲ ಸವೆಸಬೇಡ, ಈಗಷ್ಟೇ ಒರೆಸಿದ್ದೀನಿ" ಎಂದು, ಆಮೇಲೆ ತನ್ನ ಚಪ್ಪಲಿ ಬಿಚ್ಚಿ ಅವಳ ಕಾಲ ಬಳಿ ತಳ್ಳಿದಳು. ನಲ್ಲಿ ಅದನ್ನು ಮೆಟ್ಟಿಕೊಂಡು ನಡೆದಳು.

ಗಂಡ ಬಂದಾಗ ಮೈಯೆಲ್ಲ ಗ್ರೀಸು. ಮಾವ ಹುಡುಕಿಕೊಂಡು ಹೋಗಿ ಆ ಕಟ್ಟಡದ ಕೆಳಗೆ ನಿಂತು ಹೆಸರು ಹಿಡಿದು ಕೂಗಿದನಂತೆ. ಅಪ್ಪ ಅಳಿಯನ ಹಿಂದೆ ನಿಂತಿದ್ದ. ಗಂಡ ಹೆಂಡತಿಯ ಮುಖವನ್ನು ದಿಟ್ಟಿಸಿ, "ಅಳ್ತಿದ್ದೀಯಾ?" ಎಂದು ಕೇಳಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

"ಎರಡೂ ಕಣ್ಣಲ್ಲಿ ಬರ್ತಿದ್ಯಾ ನೋಡಿ," ಎಂದಳು.

ಅವನು ನೋಡಿದ. "ಬರ್ತಿದೆ."

"ಹಾಗಾದ್ರೆ ಅಳ್ತಿರಬೇಕು."

ಡಾಕ್ಟರು ಹೊರಗೆ ಬಂದಾಗ ಅಪ್ಪನೇ ಮೊದಲು ಎದುರು ಹೋದ. ಕಣ್ಣೀರಿನ ಕೊಳವೆಯಲ್ಲಿ ಸಲಾಕೆ ಹಾಯಿಸಿ ದಾರಿ ಬಿಡಿಸಿದ್ದೇವೆ, ಮೂಗಿನೊಳಗಿನ ಗುಳ್ಳೆಗಳನ್ನು ತೆಗೆದಿದ್ದೇವೆ, ಕೀವಾಗಲು ಶುರುವಾಗಿತ್ತು, ಔಷಧಿ ಕೊಡುತ್ತಿದ್ದೇವೆ, ಕೆಲವು ದಿನ ಇಲ್ಲೇ ಇರಲಿ ಎಂದಳು ಡಾಕ್ಟರು. ಅಪ್ಪ ಪ್ರತಿ ಮಾತಿಗೂ ತಲೆಯಾಡಿಸಿ, ಕೊನೆಗೆ ಕೇಳಿದ.

"ಹೊರಗಿನಿಂದ ತೆಗೆದಿದ್ರೆ? ಚರ್ಮದ ಮೇಲಿಂದ?"

"ಯಾರು ತೆಗೀತಾರೆ ಹಾಗೆ?"

"ಸುಮ್ಮನೆ ಕೇಳಿದೆ. ತೆಗೆದಿದ್ರೆ?"

"ಕೀವು ಒಳಗೆ ಹರಡೋದು. ಇಷ್ಟು ಎಳೆ ಮಗೂಗೆ ಅದು ರಕ್ತಕ್ಕೆ ಸೇರಿದ್ರೆ ಕೈಗೆ ಸಿಗಲ್ಲ. ಮೂಗು ಹೇಗೂ ತೆರೀತಿರಲಿಲ್ಲ."

"ಕೈ ಎಷ್ಟೇ ಗಟ್ಟಿಯಾಗಿದ್ರೂ?"

"ಕೈ ಮಾತಲ್ಲ ಅದು," ಎಂದಳು ಡಾಕ್ಟರು. ಅವಳಿಗೆ ಬೇರೆ ಕೆಲಸವಿತ್ತು. ಹೋಗುವ ಮುನ್ನ ಅಪ್ಪ ಮಗಳ ಮುಖಗಳನ್ನು ಒಮ್ಮೆ ನೋಡಿ, "ನಿಮ್ಮಿಬ್ಬರದನ್ನೂ ಬೇಕಾದ್ರೆ ಮುಚ್ಚಬಹುದು" ಎಂದಳು.

ಅಪ್ಪ ಬೆಂಚಿನ ತುದಿಯಲ್ಲಿ ಕೂತು ತನ್ನ ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡ. "ನಮ್ಮಪ್ಪ ಆ ಮಗೂನ..." ಎಂದು ಶುರು ಮಾಡಿ ನಿಲ್ಲಿಸಿದ. ಮಗಳು ಅವನಿಗೆ ಸಮಾಧಾನ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಮಾತನ್ನು ಅವನು ಒಬ್ಬನೇ ಮುಗಿಸಿಕೊಳ್ಳಬೇಕಿತ್ತು.

ಹಾಲು ಕೊಡಬಹುದೆಂದು ನರ್ಸ್ ಹೇಳಿದಾಗ ನಲ್ಲಿ ಮಗುವನ್ನು ಎದೆಗೆತ್ತಿಕೊಂಡಳು. ಮಗು ಬಾಯಿ ಹಾಕಿತು. ಎಳೆಯಿತು, ನುಂಗಿತು, ಮತ್ತೆ ಎಳೆಯಿತು. ತಲೆ ಹಿಂದಕ್ಕೆಳೆಯುವ ಹೊತ್ತಿಗೆ ತಾಯಿ ತಯಾರಾಗಿದ್ದಳು. ಮಗು ತಲೆ ಎಳೆಯಲಿಲ್ಲ. ಬಾಯಿ ಮುಚ್ಚಿಕೊಂಡೇ, ಮೂಗಿನಿಂದ ಒಂದೇ ಸಮನೆ ಉಸಿರಾಡುತ್ತ ಕುಡಿಯಿತು, ಕುಡಿಯುತ್ತಲೇ ನಿದ್ದೆಹೋಯಿತು. ಆ ನಿಶ್ಶಬ್ದವನ್ನು ತಾಯಿಗೆ ತಾಳಲಾಗಲಿಲ್ಲ. ಕೈ ತಾನಾಗಿಯೇ ಮಗುವಿನ ಅಂಗಾಲಿಗೆ ಹೋಯಿತು. ನರ್ಸ್ ಆ ಕೈಯನ್ನು ಹಿಡಿದು ಆಚೆ ಸರಿಸಿದಳು. "ಮಲಗಲಿ ಬಿಡಿ. ಈಗ ಮಲಗಬಹುದು ಅವಳು."

ಸೋದರತ್ತೆ ಮರುದಿನ ಬಂದಳು. ಊತ ಇಳಿದಿತ್ತು. ಮಗುವನ್ನು ಕಿಟಕಿಗೆ ಹಿಡಿದು, ಮೂಗಿನ ಎರಡೂ ಪಕ್ಕ ಸವರಿ ನೋಡಿದಳು. "ಇಲ್ಲ" ಎಂದಳು. ಎಂದಿನಂತೆ ಎದ್ದು ಹೋಗಲಿಲ್ಲ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದಳು. ಯಾರು ಕೇಳಿದರೂ ಕೊಡಲಿಲ್ಲ.

ಆ ಮಗು ಈಗ ಶಾಲೆಗೆ ಹೋಗುವ ಹುಡುಗಿ. ಎರಡೂ ಕಣ್ಣುಗಳ ಕೆಳಗೆ ಸೋರಿಕೆಯಿಲ್ಲ. ಅತ್ತರೆ ಎಲ್ಲರಂತೆ ಎರಡರಲ್ಲೂ ನೀರು ಬರುತ್ತದೆ, ಮುಖ್ಯೋಪಾಧ್ಯಾಯಿನಿಯನ್ನು ಮೋಸಗೊಳಿಸುವ ಯಾವ ಸೌಲಭ್ಯವೂ ಇಲ್ಲ. ತಾಯಿಯ ಚಡಪಡಿಕೆ ಮಾತ್ರ ಹೋಗಲಿಲ್ಲ. ಮೇಜಿನ ಮುಂದೆ ಇದ್ದ ಸ್ಥಿರತೆಯನ್ನೂ ಅದು ತಿಂದಿತು. ರಜೆಯ ದಿನ ಮಧ್ಯಾಹ್ನ ಮಗು ಮೇಲೆ ಮಲಗಿರುತ್ತದೆ. ಕೆಳಗೆ ಅವಳು ಬಿಚ್ಚಿದ ಗಡಿಯಾರದ ಮುಂದೆ ಚಿಮುಟ ಹಿಡಿದು ಕೂತಿರುತ್ತಾಳೆ, ಕಿವಿ ಮೆಟ್ಟಿಲ ಕಡೆಗೆ. ಮೇಲಿಂದ ಸದ್ದಿಲ್ಲದಿದ್ದರೆ ಚಿಮುಟ ಕೆಳಗಿಟ್ಟು ಎದ್ದು ನಿಲ್ಲುತ್ತಾಳೆ.

ಬಿಚ್ಚಿದ ಗಡಿಯಾರ ಬಿಟ್ಟು ಏಳುವುದನ್ನು ಅಪ್ಪ ಯಾರಿಗೂ ಎಂದೂ ಕ್ಷಮಿಸಿದವನಲ್ಲ. ಮೊದಮೊದಲು ಅವಳು ಎದ್ದಾಗ ಅವನು ತಲೆಯೆತ್ತುತ್ತಿರಲಿಲ್ಲ. ಈಗ ಅವಳಿಗಿಂತ ಮೊದಲೇ ಭೂತಗನ್ನಡಿ ತೆಗೆದಿಟ್ಟು ಮೆಟ್ಟಿಲು ಹತ್ತುತ್ತಾನೆ. ವಯಸ್ಸಾಗಿದೆ, ಮಧ್ಯದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾನೆ. ಅವನು ಇಳಿದು ಬರುವವರೆಗೆ ಮಗಳು ನಿಂತೇ ಇರುತ್ತಾಳೆ.

"ಉಸಿರಾಡ್ತಿದ್ದಾಳೆ," ಎನ್ನುತ್ತಾನೆ. "ಕೂತ್ಕೋ."

ಅವಳು ಕೂರುತ್ತಾಳೆ, ಮತ್ತೆ ಏಳುವವರೆಗೆ.